ಕಾಣದವರ ಸ್ನೇಹವೂ ಕನ್ನಡದ ಹೊಸ ಅರಳಿಕಟ್ಟೆಯೂ

ಮನುಷ್ಯನು ಕಣ್ಣಿಗೆ ಕಾಣುವವರೊಡನೆ ಮಾತ್ರವೇ ಸ್ನೇಹವನ್ನು ಬೆಳೆಯಿಸುವನೆಂದು ಹೇಳುವದು ಸರಿಯಲ್ಲ. ಕಾಗದವೂ ಅಂಚೆಯೂ ಬಂದಂದಿನಿಂದ, ಒಬ್ಬರ ಮುಖವನ್ನೊಬ್ಬರು ನೋಡದೆಯೇ ಒಬ್ಬರ ಮನಸ್ಸನ್ನೊಬ್ಬರು ಅರಿತವರು ಬೇಕಾದಷ್ಟು ಮಂದಿ ಇದ್ದಾರೆ. 1843ನೆಯ ಇಸವಿಯ ಜುಲೈ 1ರಂದು ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು, ಒಂದೇ ಸುದ್ದಿಯನ್ನೋದಿ ಒಂದೇ ವಿಚಾರವನ್ನು ಚಿಂತಿಸುವ, ಆದರೆ ಪರಸ್ಪರ ಕಾಣದ ವಾಚಕರ ಬಳಗವೊಂದನ್ನು ನಮ್ಮ ನಾಡಿನಲ್ಲಿ ಹುಟ್ಟಿಸಿತು. ಈಗ ಅಂತರ್ಜಾಲವು ಅದೇ ಕೆಲಸವನ್ನು ಕ್ಷಣಮಾತ್ರದಲ್ಲಿ ನಡೆಯಿಸುತ್ತಿರುವದರಿಂದ, ಸವಳಂಗದಂಥ ಊರಿನಲ್ಲಿ ಕೂತ ಹುಡುಗಿಯ ಕೈಯೊಳಗಿನ ಫೋನಿನಲ್ಲಿ ಲೋಕದ ನಾನಾ ಮೂಲೆಗಳ ಜನರು ಬಂದು ಮಾತಾಡಿಸುತ್ತಾರೆ. ಇದರಿಂದ ತಾಯಿತಂದೆಗಳಲ್ಲಿ ಉಂಟಾಗಿರುವ ಭಯವನ್ನು ನಾವು ಬಲ್ಲೆವು. ಫೋನನ್ನು ಕಸಿದುಕೊಳ್ಳಬೇಕೋ, ಕೊಟ್ಟು ಸುಮ್ಮನಿರಬೇಕೋ ಎಂಬ ಪ್ರಶ್ನೆ ಮನೆಮನೆಯಲ್ಲಿಯೂ ಇದೆ. ಕಾಣದವರ ಸ್ನೇಹವು ಯಾವಾಗ ಹಿತವಾಗುತ್ತದೆ, ಯಾವಾಗ ಅಹಿತವಾಗುತ್ತದೆ ಎಂಬದನ್ನು ಕನ್ನಡದ ಒಂದು ನಿಜ ನಿದರ್ಶನದಿಂದ ತಿಳಿಸುವದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಮೊದಲು ಹೊರದೇಶದ ಒಂದು ಕಥೆಯನ್ನು ನೋಡೋಣ. ಜಪಾನಿನವರು ಅನಿಮೆ ಎಂದು ಕರೆಯುವ, ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿ ಕಥೆ ಹೇಳುವ ಪದ್ಧತಿಯಲ್ಲಿ, 2017ರಲ್ಲಿ ‘ನೆಟೊಜೂ ನೊ ಸುಸುಮೆ’ ಎಂಬ 10 ಕಂತುಗಳ ಚಿಕ್ಕ ಮಾಲೆಯೊಂದು ಪ್ರಸಾರವಾಯಿತು. ಮೊರಿಕೊ ಎಂಬ 30 ವರ್ಷದ ಹೆಂಗಸು ಕಚೇರಿಯ ಕೆಲಸದಿಂದ ಬೇಸತ್ತು ರಾಜೀನಾಮೆಯನ್ನು ಕೊಟ್ಟು, ಅನೇಕರು ಏಕಕಾಲದಲ್ಲಿ ಆಡುವ ಅಂತರ್ಜಾಲದ ಆಟವೊಂದರಲ್ಲಿ ಹಯಾಶಿ ಎಂಬ ಯುವಕನ ವೇಷವನ್ನು ತಾಳುತ್ತಾಳೆ. ಅಲ್ಲಿ ಲಿಲಿ ಎಂಬ ಹುಡುಗಿ ಅವಳಿಗೆ ಸಹಾಯಮಾಡಿ ಗೆಳತಿಯಾಗುತ್ತಾಳೆ. ಆ ಲಿಲಿಯ ವೇಷದ ಹಿಂದೆ ಇರುವವನಾದರೋ ಒಬ್ಬ ಗಂಡಸು. ಅವರಿಬ್ಬರೂ ಸೇರಿದ ಆಟದ ಸಂಘದ ನಾಯಕನು, ಮೊರಿಕೊ ಸಾಮಾನು ಕೊಳ್ಳಲು ಹೋಗುವ ಅಂಗಡಿಯ ನೌಕರನೇ ಆಗಿರುತ್ತಾನೆ; ಆದರೆ ಇದು ಬಹುಕಾಲ ಅವಳಿಗೆ ತಿಳಿಯುವದಿಲ್ಲ. ಆ ಕಥೆಯಲ್ಲಿ ವೇಷವು ಸುಳ್ಳು, ಉಪಕಾರವು ನಿಜ. ಒಂಟಿಯಾಗಿದ್ದ ಹೆಂಗಸು ಮತ್ತೆ ಮನುಷ್ಯರ ನಡುವೆ ಬರುತ್ತಾಳೆ. ಕಥೆಗಾರನು ಮುಸುಕಿನ ಹಿಂದೆ ಒಳ್ಳೆಯವರನ್ನೇ ಇರಿಸಿದನು. ಲೋಕದಲ್ಲಿ ಹಾಗೆ ಇರಿಸುವವರು ಯಾರೂ ಇಲ್ಲ. ಆದಕಾರಣ ಮುಸುಕನ್ನು ನಂಬದೆ, ಮಾಡಿದ ಕೆಲಸವನ್ನು ನೋಡಿ ಮನುಷ್ಯನನ್ನು ಅಳೆಯುವ ಸ್ಥಳವೊಂದು ಬೇಕು. ಅಂಥ ಸ್ಥಳವು ಕನ್ನಡದಲ್ಲಿಯೇ ಇದೆ.

ಅದು ಏರ್ಪಡುವದಕ್ಕೆ ಮೊದಲು ಗಣಕಯಂತ್ರಕ್ಕೆ ಕನ್ನಡವು ಬರಬೇಕಾಗಿತ್ತು. ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಅನುಗುಣವಾದ ಕೀಲಿಮಣೆಯ ವಿನ್ಯಾಸವನ್ನು ರಚಿಸಿದರು. 1996ರಲ್ಲಿ ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವೆಂಬ ಜಾಲಪತ್ರಿಕೆಯನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವು ಹೊರಬಂದು, ಊರಲ್ಲಿಯೂ ಪರದೇಶದಲ್ಲಿಯೂ ಇದ್ದ ಕನ್ನಡಿಗರಿಗೆ ತಮ್ಮ ಲಿಪಿಯಲ್ಲಿ ಬರೆಯುವದನ್ನು ಸುಲಭಮಾಡಿತು. ಎಲ್ಲ ಯಂತ್ರಗಳೂ ಒಂದೇ ರೀತಿಯಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಎಂಬ ಏರ್ಪಾಟು ರೂಢಿಗೆ ಬಂದ ಮೇಲೆ, ಒಬ್ಬರು ಬರೆದುದನ್ನು ಇನ್ನೊಬ್ಬರು ಯಾವ ತೊಡಕೂ ಇಲ್ಲದೆ ಓದುವಂತಾಯಿತು.

2001ರ ಜನವರಿ 15ರಂದು ಅಮೇರಿಕದಲ್ಲಿ, ಯಾರು ಬೇಕಾದರೂ ಬರೆಯಬಹುದಾದ ವಿಕಿಪೀಡಿಯ ಎಂಬ ವಿಶ್ವಕೋಶವು ಇಂಗ್ಲಿಷಿನಲ್ಲಿ ಆರಂಭವಾಯಿತು. 2003ರ ಜೂನಿನಲ್ಲಿ ಅದರ ಕನ್ನಡ ಶಾಖೆಯು ಹುಟ್ಟಿತು. ಪ್ರಕೃತ ಅದರಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ಬರೆದವರಿಗೆ ಸಂಬಳವಿಲ್ಲ, ಅವರಲ್ಲಿ ಬಹುಮಂದಿ ಒಬ್ಬರನ್ನೊಬ್ಬರು ನೋಡಿದವರೂ ಅಲ್ಲ. ಇವರು ಕೂಡಿ ಮಾತಾಡುವದಕ್ಕಾಗಿ ಇರುವ ಪುಟಕ್ಕೆ ಇಟ್ಟ ಹೆಸರು ‘ಅರಳಿಕಟ್ಟೆ’. ಊರ ಮುಂದಿನ ಅರಳಿಮರದ ಬುಡದಲ್ಲಿ ಹಿರಿಯರು ಕೂತು ನ್ಯಾಯ ನಿಷ್ಕರ್ಷೆ ಮಾಡುತ್ತಿದ್ದ ಕಟ್ಟೆಯ ಹೆಸರನ್ನೇ, ಬೆಂಗಳೂರು, ಮಂಗಳೂರು, ಪರದೇಶಗಳಲ್ಲಿ ಚದರಿಹೋದ ಕನ್ನಡಿಗರು ತಮ್ಮ ಕಾಣದ ಸಭೆಗೆ ಕೊಟ್ಟುಕೊಂಡದ್ದು ಬಹು ಯೋಗ್ಯವಾಗಿದೆ.

ಈ ಕಟ್ಟೆಯ ಕೆಲಸವು ಹೇಗೆ ನಡೆಯುತ್ತದೆಂಬದನ್ನು ಒಂದು ಊಹಿಸಿದ ದೃಷ್ಟಾಂತದಿಂದ ತಿಳಿಯೋಣ. ಹಳೆಯ ಪುಸ್ತಕವೊಂದನ್ನು ನೋಡಿದ ಒಬ್ಬರು, ಸವಳಂಗವು ಶಿವಮೊಗ್ಗೆ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನ ಗ್ರಾಮವೆಂದು ಬರೆಯುತ್ತಾರೆ. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗಿ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಅದಕ್ಕೆ ಸೇರಿದವೆಂಬದನ್ನು ಅರಿತ ಎರಡನೆಯವರು ಜಿಲ್ಲೆಯ ಹೆಸರನ್ನು ತಿದ್ದುತ್ತಾರೆ. ಬಳಿಕ ನ್ಯಾಮತಿಯೇ ಬೇರೆ ತಾಲ್ಲೂಕಾದುದನ್ನು ಬಲ್ಲ ಮೂರನೆಯವರು ತಾಲ್ಲೂಕಿನ ಹೆಸರನ್ನು ಸರಿಪಡಿಸುತ್ತಾರೆ. ನಾಲ್ಕನೆಯವರು ಸವಳಂಗದ ಕೆರೆಯ ಛಾಯಾಚಿತ್ರವನ್ನು ಸೇರಿಸುತ್ತಾರೆ. ಪ್ರತಿಯೊಂದು ಪುಟಕ್ಕೂ ‘ಇತಿಹಾಸ’ವೆಂಬ ಭಾಗವಿದ್ದು, ಯಾವ ಹೆಸರಿನವರು ಯಾವ ದಿವಸ ಯಾವ ಘಳಿಗೆಯಲ್ಲಿ ಯಾವ ಅಕ್ಷರವನ್ನು ಬದಲಿಸಿದರೆಂಬದು ಅಲ್ಲಿ ದಾಖಲಾಗಿರುತ್ತದೆ. ಯಾವನಾದರೂ ತುಂಟತನದಿಂದ ಪುಟವನ್ನು ಕೆಡಿಸಿದರೆ, ಹಿಂದಿನ ರೂಪವನ್ನು ಕೂಡಲೇ ಮರಳಿ ತರಬಹುದು. ಭಿನ್ನಾಭಿಪ್ರಾಯವು ಬಂದಲ್ಲಿ, ಪುಟದ ಬೆನ್ನಿಗಿರುವ ‘ಚರ್ಚೆ’ಯಲ್ಲಿ ಎಲ್ಲರೂ ಓದುವಂತೆ ಕಾರಣಗಳನ್ನು ಕೊಡತಕ್ಕದ್ದು. ನಾನು ಹೇಳುತ್ತೇನೆಂಬದು ಅಲ್ಲಿ ಪ್ರಮಾಣವಲ್ಲ. ಅಚ್ಚಾದ ಆಧಾರವನ್ನು ತೋರಿಸಬೇಕು. ಈ ಸೀಮೆಯ ಶಾಸನಗಳ ವಿಷಯವನ್ನು ಬರೆಯುವವರಿಗೆ, ಶಿವಮೊಗ್ಗೆ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟವು ಅಂಥ ಆಧಾರವಾಗಿರುತ್ತದೆ.

ಇಂಥ ಕೆಲಸದಿಂದ ಹುಟ್ಟುವ ಸ್ನೇಹದ ಬಗೆಯೇ ಬೇರೆ. ಹೊಸಬರ ತಪ್ಪನ್ನು ಹಳಬರು ತಾಳ್ಮೆಯಿಂದ ತಿದ್ದಿ ಕಾರಣವನ್ನು ಬರೆದಿಡುತ್ತಾರೆ. ನಾಲ್ಕಾರು ಸಲ ಹಾಗಾದ ಮೇಲೆ, ಆ ಹೆಸರಿನವರು ನ್ಯಾಯವಂತರು, ಈ ಹೆಸರಿನವರು ಅವಸರದವರು ಎಂಬದು ಮುಖ ನೋಡದೆಯೇ ತಿಳಿಯುತ್ತದೆ. ಹೀಗೆ ಬೆಳೆದ ಬಳಗಗಳು ಪರದೆಯ ಮೇಲೆಯೇ ಉಳಿಯಲಿಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿ ಬರೆಯುವದನ್ನು ಕಲಿಸಿದವು. ತುಳು ಭಾಷೆಯ ಅಭಿಮಾನಿಗಳು ಅನೇಕ ವರ್ಷ ದುಡಿದುದರ ಫಲವಾಗಿ 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯವು ಬೇರೆಯಾಗಿ ಸ್ಥಾಪಿತವಾಯಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಎಲ್ಲರೂ ಸ್ವತಂತ್ರವಾಗಿ ಬಳಸುವಂತೆ ಬಿಟ್ಟುಕೊಟ್ಟಿತು. ಇದಕ್ಕೆ ಪ್ರತಿಯಾಗಿ ಆರ್ಕುಟ್ ಎಂಬ ಸ್ನೇಹತಾಣವನ್ನು ನೆನೆಯಬಹುದು. 2004ರಲ್ಲಿ ತೆರೆದ ಅದರಲ್ಲಿ ಸಹಸ್ರಾರು ಭಾರತೀಯರು ಕೂಟಗಳನ್ನು ಕಟ್ಟಿಕೊಂಡಿದ್ದರು; 2014ರ ಸೆಪ್ಟೆಂಬರ್ 30ರಂದು ಒಡೆಯರು ಅದನ್ನು ಮುಚ್ಚಿದಾಗ ಆ ಕೂಟಗಳೂ ಚದರಿದವು. ಬಾಡಿಗೆಯ ಮನೆಯ ಹರಟೆಗೂ, ಎಲ್ಲರ ಸ್ವತ್ತಾದ ಕಟ್ಟೆಯ ಕೆಲಸಕ್ಕೂ ಇರುವ ಅಂತರವು ಇದರಿಂದ ವಿಶದವಾಗುತ್ತದೆ.

ಇನ್ನು ನಮ್ಮ ವಾಚಕರಿಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯನ್ನು ಹೇಳಬೇಕು. ಹಳ್ಳಿಯ ಅರಳಿಮರಕ್ಕೆ ಪ್ರದಕ್ಷಿಣೆ ಬರುತ್ತಿದ್ದವರು ಹೆಂಗಸರು; ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದವರು ಗಂಡಸರು. ಹೆಂಗಸರ ಮಾತುಕತೆಯು ಬಾವಿಯ ಬಳಿಯಲ್ಲಿಯೂ ಕೆರೆಯ ದಡದಲ್ಲಿಯೂ ನಡೆದು ಅಲ್ಲಿಯೇ ಮುಗಿಯುತ್ತಿತ್ತು. ಊರಿನ ತೀರ್ಮಾನದಲ್ಲಿ ಅದು ಸೇರುತ್ತಿರಲಿಲ್ಲ. ಹೊಸ ಕಟ್ಟೆಗೆ ಇಂಥ ನಿಷೇಧವೇನೂ ಇಲ್ಲ. ಆದಾಗ್ಯೂ 2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ತನ್ನ ನಾನಾ ಭಾಷೆಗಳ ಸಂಪಾದಕರನ್ನು ವಿಚಾರಿಸಿದಾಗ, ಸ್ತ್ರೀಯರು 10ರಲ್ಲಿ ಒಬ್ಬರಿಗಿಂತಲೂ ಕಡಿಮೆಯೆಂದು ಕಂಡುಬಂತು. ಯಾರು ಬರೆಯುವರೋ ಅವರು ಕಂಡ ಲೋಕವೇ ಪುಸ್ತಕದಲ್ಲಿ ಉಳಿಯುತ್ತದೆ. ಯುದ್ಧ, ರಾಜ್ಯ, ಚಲಚ್ಚಿತ್ರಗಳ ವಿಷಯ ಬರೆಯಲು ಜನರಿದ್ದಾರೆ. ಸೂಲಗಿತ್ತಿಯರ, ಉಪಾಧ್ಯಾಯಿನಿಯರ, ಸೋಬಾನೆ ಹಾಡುವವರ, ಸವಳಂಗದ ಸಮೀಪದ ತಾಂಡಾಗಳಲ್ಲಿ ಕಸೂತಿ ಹಾಕುವ ಲಂಬಾಣಿ ಹೆಂಗಸರ ವಿಷಯ ಬರೆಯತಕ್ಕವರು ಯಾರು? ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಸೂರಗೊಂಡನಕೊಪ್ಪವು ನಮ್ಮ ನೆರೆಯಲ್ಲಿಯೇ ಇದೆ. ಅಲ್ಲಿನ ಯಾತ್ರೆಯನ್ನು ನೋಡುತ್ತ ಬೆಳೆದ ಹೆಣ್ಣುಮಕ್ಕಳು ಆಧಾರಗಳನ್ನು ಹುಡುಕಿ ಬರೆಯುವದಕ್ಕೆ ಎಷ್ಟೋ ಇದೆ.

ತಾಯಿತಂದೆಗಳಿಗೆ ನಮ್ಮ ಸೂಚನೆಯು ಇಷ್ಟೇ. ಮಗಳು ಕಾಣದವರೊಡನೆ ಮಾತಾಡುತ್ತಾಳೋ ಎಂದು ಕೇಳಿದರೆ ಸಾಲದು. ಎಲ್ಲಿ, ಯಾವ ಕೆಲಸದ ನಿಮಿತ್ತವಾಗಿ, ಎಷ್ಟು ಜನರ ಎದುರಿನಲ್ಲಿ ಎಂದು ಕೇಳಬೇಕು. ಕಟ್ಟೆಯ ಮೇಲೆ ಎಲ್ಲರೆದುರು ಆಡುವ ಮಾತಿಗೆ ಹತ್ತು ಕಣ್ಣುಗಳ ಕಾವಲಿರುತ್ತದೆ. ಅಲ್ಲಿಂದ ಎಬ್ಬಿಸಿ ಮರೆಗೆ ಕರೆಯುವವನು, ಭಾವಚಿತ್ರವನ್ನೋ ಮನೆಯ ವಿಳಾಸವನ್ನೋ ಹಣವನ್ನೋ ಕೇಳುವವನು, ಮನೆಯವರಿಗೆ ಹೇಳಬೇಡವೆನ್ನುವವನು ಸ್ನೇಹಿತನಲ್ಲ. ವಿಕಿಪೀಡಿಯದಲ್ಲಿ ಬರೆಯುವದಕ್ಕೆ ನಿಜವಾದ ಹೆಸರು ಕೂಡ ಬೇಕಾಗಿಲ್ಲ. ಕೇಡು ಸಂಭವಿಸಿದರೆ, ಮಕ್ಕಳ ಸಹಾಯವಾಣಿಯಾದ 1098ಕ್ಕೂ, ಜಾಲದಲ್ಲಿ ಹಣದ ಮೋಸವಾದಲ್ಲಿ 1930ಕ್ಕೂ ಕೂಡಲೇ ತಿಳಿಸತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾದದ್ದು, ತನಗೆ ಆದುದನ್ನು ಬೈಗಳ ಭಯವಿಲ್ಲದೆ ಮನೆಯಲ್ಲಿ ಹೇಳಬಹುದೆಂಬ ಧೈರ್ಯವು ಮಗಳಲ್ಲಿರಬೇಕು. ಈ ಧೈರ್ಯವನ್ನು ಯಾವ ಯಂತ್ರವೂ ಕೊಡಲಾರದು, ತಾಯಿತಂದೆಗಳೇ ಕೊಡಬೇಕು.

ಹಳೆಯ ವಿದ್ಯಾರ್ಥಿನಿಯರೇ, ನೀವು ಮದುವೆಯಾಗಿಯೋ ಉದ್ಯೋಗದ ನಿಮಿತ್ತವಾಗಿಯೋ ದೂರದೂರ ಹೋಗಿರುವಿರಿ. ನಿಮ್ಮ ಹುಟ್ಟೂರಿನ ವಿಷಯವಾಗಿ ಒಂದು ಸಾಲನ್ನಾದರೂ ಆಧಾರಸಹಿತವಾಗಿ ಬರೆಯಿರಿ. ನಿಮ್ಮ ತಂಗಿಯರೂ ಹೆಣ್ಣುಮಕ್ಕಳೂ ಅಲ್ಲಿಗೆ ಬಂದಾಗ, ಅವರ ಜೊತೆಯಲ್ಲಿ ಹಿರಿಯ ಹೆಂಗಸರು ಇರುವಂತಾಗಲಿ. ಅರಳಿಯ ಸುತ್ತ ತಿರುಗಿದ್ದು ಸಾಕು. ಕಟ್ಟೆಯ ಮೇಲೆ ಸ್ಥಳವಿದೆ, ಬಂದು ಕೂತುಕೊಳ್ಳಿರೆಂದು ನಾವು ಪ್ರೀತಿಪೂರ್ವಕವಾಗಿ ವಿಜ್ಞಾಪಿಸುತ್ತೇವೆ.