ಸೀಸೆಯ ನೀರು: ಹೆಸರೂ ರುಚಿಯೂ

ರೈಲು ನಿಲ್ದಾಣದ ಅಂಗಡಿಯ ಮುಂದೆ ನಿಂತು “ಮಿನರಲ್ ವಾಟರ್ ಕೊಡಿ” ಎಂದು ಕೇಳದ ಪ್ರಯಾಣಿಕರು ಈಗ ವಿರಳ. ಕೈಗೆ ಬಂದ ಸೀಸೆಯಲ್ಲಿ ಆ ಹೆಸರಿಗೆ ತಕ್ಕ ಖನಿಜಗಳಿವೆಯೇ, ಇದ್ದರೆ ಎಷ್ಟಿವೆ, ಅವು ಎಲ್ಲಿಂದ ಬಂದವು ಎಂದು ವಿಚಾರಿಸುವವರು ಮಾತ್ರ ಇನ್ನೂ ವಿರಳ. ಹಣ ತೆತ್ತು ಕೊಳ್ಳುವ ಪದಾರ್ಥದ ವಿಷಯದಲ್ಲಿ ಇಂತಹ ಉದಾಸೀನವು ಸಲ್ಲದೆಂದು ನಮ್ಮ ಅಭಿಪ್ರಾಯ.

ನೀರಿಗೆ ರುಚಿಯಿಲ್ಲವೆಂದು ಶಾಲೆಯ ಪಾಠವು ಹೇಳುವುದಷ್ಟೆ. ನಮ್ಮ ಮನೆಯ ಹಿರಿಯರು ಇದನ್ನು ಎಂದೂ ಒಪ್ಪಿದವರಲ್ಲ. ಈ ಬಾವಿಯದು ಸಿಹಿನೀರು, ಆ ಬಾವಿಯದು ಸವಳು, ಮತ್ತೊಂದರ ನೀರಿನಲ್ಲಿ ಬೇಳೆ ಬೇಯದು ಎಂದು ಅವರು ನಾಲಗೆಯಿಂದಲೂ ಒಲೆಯಿಂದಲೂ ನಿರ್ಣಯಿಸುತ್ತಿದ್ದರು. ಮಳೆಯ ನೀರು ನೆಲಕ್ಕಿಳಿದು ಕಲ್ಲುಮಣ್ಣುಗಳ ನಡುವೆ ಹರಿಯುವಾಗ ಕರಗಿಸಿಕೊಂಡು ಬರುವ ಲವಣಗಳೇ ಈ ಭೇದಕ್ಕೆ ಕಾರಣ. ಬಟ್ಟಿಯಿಳಿಸಿದ ನೀರು ಸಪ್ಪೆಯೆನಿಸುವುದೂ ಆ ಲವಣಗಳಿಲ್ಲದ್ದರಿಂದಲೇ.

ಖನಿಜಜಲಕ್ಕೆ ಹೆಸರಾದ ಫ್ರಾನ್ಸ್ ದೇಶದ ಎರಡು ಊರುಗಳ ನೀರನ್ನು ಹೋಲಿಸಿದರೆ ಈ ಸಂಗತಿಯು ಸ್ಪಷ್ಟವಾಗುವುದು. ಜಿನೀವಾ ಸರೋವರದ ದಕ್ಷಿಣ ದಡದಲ್ಲಿರುವ ಎವಿಯಾನ್ ಊರಿನ ನೀರು, ಹಿಮನದಿಗಳು ಬಿಟ್ಟುಹೋದ ಮರಳಿನ ಪದರಗಳಲ್ಲಿ ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಜಿನುಗಿ ಹೊರಬರುವುದೆಂದು ಅದನ್ನು ಮಾರುವವರು ಹೇಳುತ್ತಾರೆ. ಅದರಲ್ಲಿ ಲೀಟರಿಗೆ ಕ್ಯಾಲ್ಸಿಯಂ ಸುಮಾರು 80 ಮಿಲಿಗ್ರಾಂ, ಮೆಗ್ನೀಸಿಯಂ 26, ಸೋಡಿಯಂ ಕೇವಲ 6.5. ಆದುದರಿಂದಲೇ ಅದಕ್ಕೆ ಉಪ್ಪಿನ ಸೋಂಕಿಲ್ಲ. ಕುಡಿದವರಿಗೆ ಅದು ಮೃದುವೆನಿಸುವುದು. ಅದೇ ದೇಶದ ವಿಶಿ ಪಟ್ಟಣದ ಸೆಲೆಸ್ತಾಂ ಬುಗ್ಗೆಯ ನೀರಿನಲ್ಲಾದರೋ ಲೀಟರಿಗೆ ಸೋಡಿಯಂ ಸುಮಾರು 1,170 ಮಿಲಿಗ್ರಾಂ, ಬೈಕಾರ್ಬೊನೇಟ್ ಸುಮಾರು 2,990. ಅಡಿಗೆಯ ಸೋಡವನ್ನು ಕದಡಿದಂತಹ ಕ್ಷಾರರುಚಿಯು ಮೊದಲ ಗುಟುಕಿನಲ್ಲಿಯೇ ತಿಳಿಯುವುದು. ಲೀಟರಿನಲ್ಲಿ ಕರಗಿದ ಲವಣಗಳು 600 ಮಿಲಿಗ್ರಾಮಿನ ಒಳಗಿದ್ದರೆ ನೀರು ರುಚಿಯಾಗಿರುವುದೆಂದೂ, 1,000 ಮೀರಿದಂತೆಲ್ಲ ಬಾಯಿಗೆ ಹಿಡಿಸದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ವಿಶಿಯ ನೀರು ಇದರ ಮೂರರಷ್ಟನ್ನು ಮೀರಿದೆ.

ಹೀಗಿರಲು, ಖನಿಜ ಹೆಚ್ಚಾದಷ್ಟೂ ಆರೋಗ್ಯ ಹೆಚ್ಚೆಂದು ಭಾವಿಸುವುದು ಅಪಾಯಕರ. ವಯಸ್ಕರು ದಿನಕ್ಕೆ 2,000 ಮಿಲಿಗ್ರಾಮಿಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂದು ಅದೇ ಸಂಸ್ಥೆಯ ಸಲಹೆ. ವಿಶಿಯ ಒಂದು ಲೀಟರು ನೀರಿನಿಂದಲೇ ಅದರ ಅರ್ಧಕ್ಕಿಂತ ಹೆಚ್ಚು ಒದಗುವುದು. ರಕ್ತದೊತ್ತಡವುಳ್ಳವರು ಇಂತಹ ನೀರನ್ನು ವೈದ್ಯರನ್ನು ಕೇಳದೆ ನಿತ್ಯವೂ ಕುಡಿಯುವುದು ವಿವೇಕವಲ್ಲ.

ಇನ್ನು ನಮ್ಮ ಅಂಗಡಿಗಳ ಸೀಸೆಗಳ ಮಾತು. ಭಾರತದ ನಿಯಮಗಳು ಎರಡು ಬಗೆಯ ನೀರನ್ನು ಬೇರೆಬೇರೆಯಾಗಿಯೇ ಹೆಸರಿಸಿವೆ. ‘ನ್ಯಾಚುರಲ್ ಮಿನರಲ್ ವಾಟರ್’ ಎಂಬುದು ನೆಲದೊಳಗಿನ ಸೆಲೆಯಿಂದ ಬಂದು, ತನ್ನ ಸಹಜ ಲವಣಗಳೊಡನೆಯೇ ಸೀಸೆ ಸೇರಿದ ನೀರು. ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಎಂಬುದು ಯಾವ ಮೂಲದ್ದಾದರೂ ಆಗಬಹುದು. ಅದನ್ನು ಸೋಸಿ, ಲವಣಗಳ ಬಹುಪಾಲನ್ನು ತೆಗೆದು, ಬಳಿಕ ಕೆಲವನ್ನು ಅಳೆದು ಬೆರೆಸುವುದುಂಟು. ನಾವು ಮಿನರಲ್ ವಾಟರ್ ಎಂದು ಕರೆದು ಕೊಳ್ಳುವುದರಲ್ಲಿ ಬಹುಪಾಲು ಈ ಎರಡನೆಯದೇ. ಇದು ಕೀಳೆಂದು ನಾವು ಹೇಳುವುದಿಲ್ಲ. ಶುದ್ಧವಾಗಿದ್ದರೆ ಬಾಯಾರಿಕೆಗೆ ಅದೇ ಸಾಕು. ಆದರೆ ಶುದ್ಧಿಯ ಪ್ರಶ್ನೆಯೇ ಬೇರೆ, ಹೆಸರಿನ ಪ್ರಶ್ನೆಯೇ ಬೇರೆ. ಒಂದನ್ನು ಕೊಟ್ಟು ಮತ್ತೊಂದರ ಹೆಸರು ಹೇಳುವುದು ಮಾರುವವನಿಗೆ ಶೋಭಿಸದು. ಕೇಳಿ ಸುಮ್ಮನಿರುವುದು ಕೊಳ್ಳುವವನಿಗೂ ಶೋಭಿಸದು.

ಸೀಸೆಯ ಚೀಟಿಯನ್ನು ಓದಲು ಅರೆನಿಮಿಷ ಸಾಕು. ಬಾವಿಯ ನೀರನ್ನು ಪರೀಕ್ಷಿಸದೆ ಒಳಗೆ ತಾರದಿದ್ದ ಹಿರಿಯರ ಮಕ್ಕಳಾದ ನಾವು ಅಷ್ಟನ್ನಾದರೂ ಮಾಡೋಣ.