ನಮ್ಮ ಸೀಮೆಯ ಸ್ತ್ರೀಯರೂ ರಾಜ್ಯಾಧಿಕಾರವೂ

ಸ್ತ್ರೀಯೊಬ್ಬರು ದೊಡ್ಡ ಅಧಿಕಾರಸ್ಥಾನಕ್ಕೆ ಬಂದರೆಂದು ಕೇಳಿದೊಡನೆ, ಅವರ ಯಜಮಾನರು ಯಾರು, ತಂದೆ ಯಾರು ಎಂದು ವಿಚಾರಿಸುವುದು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ವಾಡಿಕೆ. ಇದು ಬರಿಯ ಕುಚೋದ್ಯವೆಂದು ನಾವು ಭಾವಿಸುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬರು ನಾಳೆ ಚುನಾವಣೆಗೆ ನಿಲ್ಲುವೆನೆಂದರೆ ಅವರ ತಾಯಿತಂದೆಗಳೂ ಮೊದಲು ಚಿಂತಿಸುವುದು ಇದನ್ನೇ. ಬೆನ್ನ ಹಿಂದೆ ಯಾರೂ ಇಲ್ಲದ ಹೆಣ್ಣುಮಗಳಿಗೆ ಅಲ್ಲಿ ಸ್ಥಳವುಂಟೇ?

ದೂರದ ಉದಾಹರಣೆಗಳನ್ನು ಮೊದಲು ನೋಡೋಣ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ಇಸಬೆಲ್ ಪೆರೋನ್ ಎಂಬವರು ಉಪಾಧ್ಯಕ್ಷೆಯಾಗಿದ್ದರು. ಅವರ ಪತಿಯೇ ಅಧ್ಯಕ್ಷರು. 1974ರ ಜುಲೈ 1ರಂದು ಪತಿಯು ತೀರಿಕೊಳ್ಳಲು ಅಧ್ಯಕ್ಷಪದವಿ ಆಕೆಗೆ ಬಂದಿತು. 1976ರ ಮಾರ್ಚಿಯಲ್ಲಿ ಸೇನೆಯವರು ಅದನ್ನು ಕಸಿದುಕೊಂಡರು. ನೆರೆಯ ಚಿಲಿ ದೇಶದ ಮಿಶೆಲ್ ಬಾಶೆಲೆಯವರ ದಾರಿ ಬೇರೆ. ತಂದೆಯು ಸೆರೆಯಲ್ಲಿ ಮಡಿದರು. ತಾಯಿಯೊಡನೆ ತಾವೂ ಬಂಧನವನ್ನೂ ದೇಶತ್ಯಾಗವನ್ನೂ ಅನುಭವಿಸಿದರು. ವೈದ್ಯವೃತ್ತಿಯಿಂದ ಆರೋಗ್ಯಮಂತ್ರಿಯ ಸ್ಥಾನಕ್ಕೂ, ಅಲ್ಲಿಂದ ರಕ್ಷಣಾಮಂತ್ರಿಯ ಸ್ಥಾನಕ್ಕೂ ಏರಿ, 2006ರಲ್ಲಿ ಅಧ್ಯಕ್ಷೆಯಾದರು. ಆ ದೇಶದ ಕಾನೂನಿನಲ್ಲಿ ಒಬ್ಬರೇ ಎಡೆಬಿಡದೆ ಎರಡು ಅವಧಿ ಆಳುವಂತಿಲ್ಲ. 2010ರಲ್ಲಿ ಇಳಿದ ಅವರನ್ನು ಜನರು 2014ರಲ್ಲಿ ಮತ್ತೆ ಕೂರಿಸಿದರು.

ನಮ್ಮಲ್ಲಿಯೂ ಈ ಎರಡು ದಾರಿಗಳುಂಟು.

ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿದ್ದಿತು. ಆ ಮದರಾಸಿನ ಶಾಸನಸಭೆಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿಯೇ ಉಪಾಧ್ಯಕ್ಷೆಯಾದರು. ಆ ಸಭೆಯ ಶಾಸನಗಳು ನಮ್ಮ ಕೊಳ್ಳೇಗಾಲಕ್ಕೂ ಅನ್ವಯಿಸುತ್ತಿದ್ದುವೆಂಬುದನ್ನು ಇಲ್ಲಿ ಎಷ್ಟು ಮಂದಿ ನೆನೆಯುತ್ತಾರೋ!

ಆದರೆ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇಂದಿನ ನಮ್ಮ ಜಿಲ್ಲೆಗೇ ಸೇರಿದ ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರ ವಿಷಯ. ಅವರು 1957ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ಹೀಗೆ ಆರಂಭಿಸಿ ಅದೇ ಕ್ಷೇತ್ರದಿಂದ ಒಟ್ಟು ಏಳು ಸಲ ಆರಿಸಿಬಂದರು. 1972ರಲ್ಲಿ ವಿಧಾನಸಭೆಯ ಅಧ್ಯಕ್ಷೆಯಾದರು. ಸಭಾಧ್ಯಕ್ಷಪದವಿಯೆಂದರೆ ಏನೆಂದು ತಿಳಿಯದವರು ಅದನ್ನು ಅಲಂಕಾರದ ಕುರ್ಚಿಯೆಂದು ಎಣಿಸುವುದುಂಟು. ಸಭೆಯಲ್ಲಿ ಯಾವ ಸದಸ್ಯನೂ ಇನ್ನೊಬ್ಬ ಸದಸ್ಯನನ್ನು ನೇರವಾಗಿ ಉದ್ದೇಶಿಸಿ ಮಾತನಾಡಕೂಡದು. ಪ್ರತಿಯೊಂದು ಮಾತೂ ಅಧ್ಯಕ್ಷಪೀಠಕ್ಕೆ ಸಲ್ಲಬೇಕು. ಯಾರು ಮಾತನಾಡಬೇಕು, ಯಾರು ಕುಳಿತುಕೊಳ್ಳಬೇಕು, ಯಾವ ಮಾತು ಕಡತದಿಂದ ತೆಗೆಯಲ್ಪಡಬೇಕು ಎಂಬುದೆಲ್ಲ ಆ ಪೀಠದ ತೀರ್ಮಾನ. ಮತಗಳು ಸಮನಾದಲ್ಲಿ ಮಾತ್ರ ಅಧ್ಯಕ್ಷರು ತಮ್ಮ ಮತವನ್ನು ಕೊಡುವರು. ಮುಖ್ಯಮಂತ್ರಿ ದೇವರಾಜ ಅರಸರಾದರೂ ಎದ್ದುನಿಂತು ನಾಗರತ್ನಮ್ಮನವರನ್ನೇ ಸಂಬೋಧಿಸಬೇಕಾಗಿದ್ದಿತು. ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂದಾಗಲೂ, 1974ರ ಮಾರ್ಚಿಯಿಂದ ಗೇಣಿದಾರರಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂದಾಗಲೂ ಆ ಪೀಠದಲ್ಲಿದ್ದವರು ಇವರೇ.

1977ರ ಡಿಸೆಂಬರಿನಲ್ಲಿ ಸಭೆಯು ವಿಸರ್ಜಿತವಾಯಿತು. ಸಭೆ ಹೋದರೂ ಅಧ್ಯಕ್ಷರು ಹೋಗುವುದಿಲ್ಲ. ಹೊಸ ಸಭೆಯು ಮೊದಲ ಸಲ ಸೇರುವ ಮುನ್ನಿನ ಗಳಿಗೆಯವರೆಗೆ ಅವರೇ ಪದವಿಯಲ್ಲಿರಬೇಕೆಂದು ನಮ್ಮ ಸಂವಿಧಾನವು ವಿಧಿಸಿದೆ. ಆದುದರಿಂದ 1978ರ ಚುನಾವಣೆಯಲ್ಲಿ ಸೋತಿದ್ದರೂ ಮಾರ್ಚಿ ತಿಂಗಳವರೆಗೆ ನಾಗರತ್ನಮ್ಮನವರೇ ಅಧ್ಯಕ್ಷೆಯಾಗಿದ್ದರು. ಹೆಚ್ಚಿನವರ ಕಥೆ ಇಲ್ಲಿಗೆ ಮುಗಿಯುತ್ತಿದ್ದಿತು. ಅವರು 1983ರಲ್ಲಿ ಗೆದ್ದು ಮರಳಿದರು. 1985ರ ಚುನಾವಣೆಯ ಅನಂತರದ ಸಭೆಯಲ್ಲಿ ವಿರೋಧಪಕ್ಷದ ನಾಯಕಿಯಾದರು. 1989ರ ಅನಂತರ ಆರೋಗ್ಯಮಂತ್ರಿಯಾದರು. ಅಧ್ಯಕ್ಷಪೀಠದಿಂದ ಇಳಿದು ಸಾಮಾನ್ಯ ಸದಸ್ಯೆಯ ಆಸನದಲ್ಲಿ ಕುಳಿತು ಮತ್ತೆ ವಾದಿಸಲು ಆರಂಭಿಸುವುದು ಸುಲಭವಾದ ಕೆಲಸವಲ್ಲವೆಂದು ನಮ್ಮ ಅಭಿಪ್ರಾಯ. 1993ರಲ್ಲಿ ಅವರು ತೀರಿಕೊಂಡರು.

ಇನ್ನೊಂದು ದಾರಿ ದುಃಖದ್ದು. ಮಾಜಿ ಮಂತ್ರಿಗಳಾದ ಎಚ್. ನಾಗಪ್ಪನವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯ ಅವರ ಮನೆಯಿಂದ ವೀರಪ್ಪನ್ ಅಪಹರಿಸಿದುದನ್ನೂ, ಡಿಸೆಂಬರಿನಲ್ಲಿ ಅವರ ದೇಹ ಮಾತ್ರ ದೊರೆತುದನ್ನೂ ಈ ಸೀಮೆಯವರು ಮರೆತಿಲ್ಲ. ಅವರ ಪತ್ನಿ ಪರಿಮಳ ನಾಗಪ್ಪನವರನ್ನು 2004ರಲ್ಲಿ ಹನೂರಿನ ಜನರು ವಿಧಾನಸಭೆಗೆ ಕಳುಹಿಸಿದರು. ಗುಂಡ್ಲುಪೇಟೆಯಲ್ಲಿಯೂ ಮಂತ್ರಿ ಮಹದೇವಪ್ರಸಾದರು 2017ರ ಜನವರಿಯಲ್ಲಿ ತೀರಿಕೊಂಡ ಮೇಲೆ ಪತ್ನಿ ಗೀತಾ ಮಹದೇವಪ್ರಸಾದರು ಉಪಚುನಾವಣೆಯಲ್ಲಿ ಗೆದ್ದು ಅದೇ ವರ್ಷ ಮಂತ್ರಿಯಾದರು, 2018ರಲ್ಲಿ ಸೋತರು. ಹನೂರಿನ ಸ್ಥಾನವೂ 2008ರಲ್ಲಿ ಬೇರೆಯವರಿಗೆ ಹೋಯಿತು. ಈ ದಾರಿಯಿಂದ ಬಂದವರನ್ನು ಹೀಗಳೆಯುವುದು ಅನ್ಯಾಯ. ಮನೆಯ ದೀಪ ಆರಿದ ಹೊತ್ತಿನಲ್ಲಿ ಹೊರಬಂದು ಜನರೆದುರು ನಿಲ್ಲುವುದಕ್ಕೆ ಬೇಕಾದ ಎದೆಗಾರಿಕೆ ಅಲ್ಪವೇನು? ಆದರೆ ಮೊದಲನೆಯ ಗೆಲುವಿನಲ್ಲಿ ಜನರ ಕನಿಕರವೂ ಪಾಲುಗೊಂಡಿರುತ್ತದೆ. ಎರಡನೆಯ ಚುನಾವಣೆಗೆ ಅದು ಒದಗದು. ನಾಗರತ್ನಮ್ಮನವರು ಸೋತಮೇಲೂ ಮರಳಿ ಗೆದ್ದುದನ್ನು ನಾವು ಹೆಚ್ಚಾಗಿ ಎಣಿಸುವುದು ಈ ಕಾರಣದಿಂದಲೇ.

ಮೂರನೆಯದೊಂದು ದಾರಿಯನ್ನು ಕಾನೂನು ತೆರೆದಿದೆ. 1987ರ ಪಂಚಾಯತಿ ಚುನಾವಣೆಗಳಲ್ಲಿ ಕರ್ನಾಟಕವು ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಕಾದಿರಿಸಿತು, 2010ರಿಂದ ಅರ್ಧದಷ್ಟು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಿಂದ ಕಾವೇರಿಯ ದಡದವರೆಗೆ ಇಂದು ಗ್ರಾಮಪಂಚಾಯತಿಗಳಲ್ಲಿ ಅಧ್ಯಕ್ಷೆಯರಿದ್ದಾರೆ. ಕೆಲವೆಡೆ ಪಕ್ಕದ ಕುರ್ಚಿಯಲ್ಲಿ ಯಜಮಾನರೇ ಕುಳಿತು ಉತ್ತರ ಕೊಡುವುದೂ ಉಂಟು; ಸಹಿ ಮಾತ್ರ ಅಮ್ಮನವರದು. ವಿಧಾನಸಭೆಯ ಅಧ್ಯಕ್ಷಪೀಠದಲ್ಲಿಯಾದರೋ, 1978ರ ಮಾರ್ಚಿಯಲ್ಲಿ ನಾಗರತ್ನಮ್ಮನವರು ಎದ್ದುಹೋದ ಮೇಲೆ, ಈವರೆಗೆ ಮತ್ತೊಬ್ಬ ಸ್ತ್ರೀ ಅಧ್ಯಕ್ಷೆಯಾಗಿ ಕುಳಿತಿಲ್ಲ.