ಸ್ವತಂತ್ರ ಪಾಡ್‌ಕಾಸ್ಟುಗಳೂ ಅವುಗಳ ಶ್ರೋತೃವರ್ಗವೂ

ಪಾಡ್‌ಕಾಸ್ಟ್ ಎಂಬ ಹೆಸರು ೨೦೦೪ರಲ್ಲಿ ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಿಂದ ಪ್ರಚಾರಕ್ಕೆ ಬಂದಿತು. ರೇಡಿಯೋ ಭಾಷಣವು ಗೊತ್ತಾದ ವೇಳೆಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತವರಿಗೆ ದೊರೆಯತಕ್ಕುದು. ಪಾಡ್‌ಕಾಸ್ಟಾದರೋ ಅಂತರ್ಜಾಲದಿಂದ ಪಡೆದು ಬೇಕಾದಾಗ ಕೇಳಬಹುದಾದ ಧ್ವನಿಮುದ್ರಣಮಾಲೆ. ಯಾರು ಬೇಕಾದರೂ ಪ್ರಕಟಿಸಬಹುದಾದ ಆರ್.ಎಸ್.ಎಸ್. ಎಂಬ ಅನುಕ್ರಮಣಿಕೆಯೇ ಇದಕ್ಕೆ ಆಧಾರ. ಅದಕ್ಕೆ ಒಮ್ಮೆ ಚಂದಾದಾರನಾದವನ ಯಂತ್ರಕ್ಕೆ ಹೊಸ ಕಂತು ತಾನಾಗಿಯೇ ಬಂದು ಸೇರುವುದು. ಪ್ರಸಾರಕೇಂದ್ರವಾಗಲಿ ತರಂಗದ ಪರವಾನಗಿಯಾಗಲಿ ಬೇಕಾಗಿಲ್ಲವಾದುದರಿಂದ ಈ ಕಾರ್ಯವನ್ನು ಆರಂಭಿಸುವುದು ಸುಲಭ. ನಡೆಸಿಕೊಂಡು ಹೋಗುವುದು ಕಷ್ಟ. ಸಂಸ್ಥೆಯ ಬೆಂಬಲವಾಗಲಿ ಪ್ರಚಾರಕ್ಕೆ ಹಣವಾಗಲಿ ಇಲ್ಲದ ಒಬ್ಬನ ಮಾತನ್ನು ಜನರು ವರ್ಷಗಟ್ಟಲೆ ಏಕೆ ಕೇಳುತ್ತಾರೆ, ಅವನಿಗೆ ಅದು ಜೀವನೋಪಾಯವೂ ಆಗುವುದು ಹೇಗೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಅಮೆರಿಕದ ಮೈಕ್ ಡಂಕನ್ನರು ೨೦೦೭ರ ಜುಲೈ ತಿಂಗಳಲ್ಲಿ ‘ದಿ ಹಿಸ್ಟರಿ ಆಫ್ ರೋಮ್’ ಎಂಬ ಮಾಲೆಯನ್ನು ಮೊದಲುಮಾಡಿದರು. ಅವರು ವಿಶ್ವವಿದ್ಯಾನಿಲಯದ ಅಧ್ಯಾಪಕರಲ್ಲ; ಪ್ರಾಚೀನ ಗ್ರಂಥಕರ್ತರನ್ನು ಓದಿ, ತಾವೇ ಬರೆದು, ತಾವೇ ಮುದ್ರಿಸಿದರು. ನಗರಸ್ಥಾಪನೆಯ ಐತಿಹ್ಯದಿಂದ ತೊಡಗಿದ ಈ ಕಥೆಯು ಕ್ರಿ. ಶ. ೪೭೬ರಲ್ಲಿ ಪಶ್ಚಿಮ ಸಾಮ್ರಾಜ್ಯವು ಅಳಿಯುವವರೆಗೆ ನಡೆದು, ೨೦೧೨ರ ಮೇ ತಿಂಗಳಲ್ಲಿ ೧೭೯ನೆಯ ಸಂಖ್ಯೆಯ ಕಂತಿನೊಡನೆ ಸಮಾಪ್ತವಾಯಿತು.

ಈ ಮಾಲೆಯು ಶ್ರೋತೃಗಳನ್ನು ಹಿಡಿದು ನಿಲ್ಲಿಸಿದುದಕ್ಕೆ ಮುಖ್ಯ ಕಾರಣ ಅದರ ಕ್ರಮಬದ್ಧತೆಯೆಂದೇ ಹೇಳಬೇಕು. ಪುರಾಣಶ್ರವಣಕ್ಕೆ ತಡವಾಗಿ ಬಂದವನು ಹಿಂದಿನ ಕಥೆಯನ್ನು ಪಕ್ಕದವನಿಂದ ಕೇಳಿ ತಿಳಿಯಬೇಕಾಗುತ್ತದೆ. ಇಲ್ಲಿಯಾದರೋ ನಾಲ್ಕು ವರ್ಷ ತಡವಾಗಿ ಬಂದವನೂ ರೊಮ್ಯುಲಸನಿಂದಲೇ ಆರಂಭಿಸಬಹುದು. ಆದುದರಿಂದ ಹಳೆಯ ಕಂತುಗಳು ಹಳಸದೆ, ದಿನದಿನವೂ ಹೊಸಬರನ್ನು ಸಂಪಾದಿಸಿ ಕೊಡುತ್ತವೆ. ದಿನದ ವಾರ್ತೆಯನ್ನು ಚರ್ಚಿಸುವ ಮಾಲೆಗಳಿಗೆ ಈ ಭಾಗ್ಯವಿಲ್ಲ. ಪ್ರತಿಯೊಂದು ಕಂತಿನ ಮೊದಲಲ್ಲಿಯೂ ಅದೇ ಸ್ವಾಗತವಚನ, ಅದೇ ಸಮಾಧಾನದ ಕಂಠ, ನಡುನಡುವೆ ಒಣಹಾಸ್ಯ. ನೂರನೆಯ ಕಂತನ್ನು ಶ್ರೋತೃಗಳ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಾಗಿ ಮೀಸಲಿಟ್ಟುದು ಔಚಿತ್ಯಪೂರ್ಣವಾಗಿದ್ದಿತು. ಕಿವಿಯ ಹತ್ತಿರ ಒಬ್ಬನೇ ಮಾತನಾಡುತ್ತಿರಲು, ಅಪರಿಚಿತನೂ ಕೆಲಕಾಲದಲ್ಲಿ ಪರಿಚಿತನಂತೆ ತೋರುವುದು ಸಹಜ.

ಈ ಪ್ರೀತಿಯು ವ್ಯಕ್ತಿಗೆ ಮಾತ್ರ ಸಲ್ಲುವುದೆಂದು ಭಾವಿಸಲಾಗದು. ಡಂಕನ್ನರು ಮುಗಿಸಿದ ಸ್ಥಳದಿಂದಲೇ, ಅವರ ಶ್ರೋತೃಗಳಲ್ಲೊಬ್ಬರಾದ ಇಂಗ್ಲೆಂಡಿನ ರಾಬಿನ್ ಪಿಯರ್‌ಸನ್ನರು ೨೦೧೨ರಲ್ಲಿ ‘ದಿ ಹಿಸ್ಟರಿ ಆಫ್ ಬೈಜಾಂಟಿಯಮ್’ ಎಂಬ ಮಾಲೆಯನ್ನು, ಅದೇ ರೀತಿಯನ್ನನುಸರಿಸಿ, ಆರಂಭಿಸಿದರು. ಕೇಳುವವನೇ ಹೇಳುವವನಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ಹಣದ ವಿಷಯ. ಜಾಹೀರಾತು ಒಂದು ಮಾರ್ಗ. ಆದರೆ ಅದು ಶ್ರೋತೃಸಂಖ್ಯೆಯನ್ನು ಎಣಿಸುತ್ತದೆಯೇ ಹೊರತು ನಿಷ್ಠೆಯನ್ನಲ್ಲ. ಡಂಕನ್ನರು ಶ್ರೋತೃಗಳನ್ನು ಇಟಲಿಯ ಯಾತ್ರೆಗೆ ಕರೆದೊಯ್ದರು. ೨೦೧೭ರಲ್ಲಿ ರೋಮಿನ ಗಣರಾಜ್ಯದ ಪತನದ ಆರಂಭವನ್ನು ಕುರಿತು ಗ್ರಂಥವನ್ನೂ ಪ್ರಕಟಿಸಿದರು. ‘ದಿ ಹಿಸ್ಟರಿ ಆಫ್ ಇಂಗ್ಲೆಂಡ್’ ಮಾಲೆಯ ಡೇವಿಡ್ ಕ್ರೌಥರರು ತಮ್ಮ ತೋಟದ ಕೊಟ್ಟಿಗೆಯಲ್ಲಿ ಮುದ್ರಿಸುವ ಹೆಚ್ಚಿನ ಉಪನ್ಯಾಸಗಳನ್ನು ಸದಸ್ಯರಿಗೆಂದು ಕಾದಿರಿಸಿ, ಮುಖ್ಯ ಕಥೆಯನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಕೊಡಬಲ್ಲವರು ಕೊಡುವುದರಿಂದ ಕೊಡಲಾರದವರೂ ಕೇಳುವ ಈ ಏರ್ಪಾಡು ಪ್ರಶಂಸನೀಯವಾದುದು.

ಆದರೆ ಇದೆಲ್ಲವೂ ಅನುಕ್ರಮಣಿಕೆಯು ಕರ್ತೃವಿನ ವಶದಲ್ಲಿರುವವರೆಗೆ ಮಾತ್ರ. ಒಂದೇ ಕಂಪನಿಯ ಯಂತ್ರದಲ್ಲಿ ಕೇಳಲಾಗುವಂತೆ ಮಾಲೆಯನ್ನು ಒಪ್ಪಿಸಿದವನು ಮುಂಗಡವಾಗಿ ಹಣವನ್ನು ಪಡೆದರೂ ಶ್ರೋತೃಗಳ ಬಾಗಿಲನ್ನು ಪರರ ಕೈಗೆ ಕೊಟ್ಟಂತಾಗುವುದು. ಒಪ್ಪಂದವು ಮುಗಿದ ಮೇಲೆ ಅವರನ್ನು ಮತ್ತೆ ಒಬ್ಬೊಬ್ಬರನ್ನಾಗಿ ಹುಡುಕಬೇಕು. ತೆರೆದ ಅನುಕ್ರಮಣಿಕೆಯ ಬಲವು ಡಂಕನ್ನರ ಎರಡನೆಯ ಮಾಲೆಯಾದ ‘ರೆವಲ್ಯೂಷನ್ಸ್’ನಲ್ಲಿ ಕಂಡುಬರುತ್ತದೆ. ೨೦೧೩ರಲ್ಲಿ ಆರಂಭವಾದ ಅದು ೨೦೨೨ರಲ್ಲಿ ನಿಂತುಹೋಗಿ, ೨೦೨೪ರಲ್ಲಿ ಪುನಃ ಮೊದಲಾಯಿತು. ಚಂದಾವನ್ನು ತೆಗೆದುಹಾಕದೆ ಉಳಿಸಿಕೊಂಡಿದ್ದವರಿಗೆ ಹೊಸ ಕಂತು ಹಳೆಯ ಸ್ಥಳಕ್ಕೇ ಬಂದು ಸೇರಿತು.